ಪುತ್ತೂರ ಸೀಮೆಯ ಬೇಸಗೆಯ ಜಾತ್ರೆಗಳೂ ಕಡಲಿನ ಕಾಲಗಣನೆಯೂ

ತುಳುನಾಡಿನ ಜಾತ್ರೆ, ನೇಮ, ಕೋಲ, ಯಕ್ಷಗಾನಗಳನ್ನು ಕುರಿತು ಬರೆಯುವವರು ಅವೆಲ್ಲವೂ ಪತ್ತನಾಜೆಯಂದು ನಿಂತುಹೋಗುವುವೆಂಬುದನ್ನು ಸಾಮಾನ್ಯವಾಗಿ ಹೇಳಿಯೇ ಹೇಳುವರು. ಬೇಶ ತಿಂಗಳ ಹತ್ತನೆಯ ದಿನವೇ ಪತ್ತನಾಜೆ; ಅದು ಮೇ ತಿಂಗಳ ೨೪ಕ್ಕೋ ೨೫ಕ್ಕೋ ಬೀಳುವುದು. ಅಂದು ದೇವಸ್ಥಾನಗಳಲ್ಲಿ ಉತ್ಸವಮೂರ್ತಿಯು ಒಳಗಾಗುವುದು, ದೈವಗಳ ಭಂಡಾರದ ಬಾಗಿಲು ಮುಚ್ಚುವುದು, ಮೇಳದವರು ಗೆಜ್ಜೆ ಬಿಚ್ಚುವರು. ಇದಕ್ಕೆ ಕಾರಣವೇನೆಂದು ಕೇಳಿದರೆ ‘ಮಳೆಗಾಲ’ ಎಂಬ ಒಂದೇ ಮಾತಿನ ಉತ್ತರ ದೊರೆಯುವುದು. ಉತ್ತರವು ಸುಳ್ಳಲ್ಲ, ಆದರೆ ಸಾಲದು. ಮಳೆಯು ಈ ಪ್ರಾಂತಕ್ಕೆ ಬರುವುದು ಸಾಧಾರಣವಾಗಿ ಜೂನ್ ತಿಂಗಳ ಮೊದಲ ವಾರದಲ್ಲಿ. ಬೇಸಾಯದ ಕೆಲಸವಾದರೋ ಬಿಸುವಿನಂದು ನೇಗಿಲು ಕಟ್ಟಿ ಕೈಬಿತ್ತು ಹಾಕುವುದರಿಂದಲೇ, ಎಂದರೆ ಪತ್ತನಾಜೆಗೆ ನಾಲ್ವತ್ತು ದಿನಗಳ ಮೊದಲೇ, ಆರಂಭವಾಗಿರುವುದು. ಹೀಗೆ ಮಳೆಗೂ ಸರಿಯಾಗಿ ಹೊಂದದೆ, ಉಳುಮೆಗೂ ಸರಿಯಾಗಿ ಹೊಂದದೆ ನಡುವೆ ನಿಂತಿರುವ ಈ ಮಿತಿಯು ಬೇರೊಂದು ಕಾಲಗಣನೆಗೆ ಮಾತ್ರ ಚೆನ್ನಾಗಿ ಹೊಂದುತ್ತದೆ. ಅದು ಕಡಲಿನದು. ಪಶ್ಚಿಮ ಸಮುದ್ರದಲ್ಲಿ ನಾವೆಗಳ ಸಂಚಾರ ನಿಲ್ಲುವ ಕಾಲವೂ ಪುತ್ತೂರ ಸೀಮೆಯ ದೇವರುಗಳು ಒಳಗಾಗುವ ಕಾಲವೂ ಒಂದೇ ಎಂಬುದನ್ನು ತೋರಿಸಿ, ಆ ಸಾಮ್ಯಕ್ಕೆ ಎಷ್ಟು ಬೆಲೆ ಕೊಡಬಹುದೆಂದು ವಿಚಾರಿಸುವುದು ಈ ಲೇಖನದ ಉದ್ದೇಶವಾಗಿದೆ.

ಪುತ್ತೂರಿಗೂ ಕಡಲಿಗೂ ಏನು ಸಂಬಂಧವೆಂಬ ಪ್ರಶ್ನೆ ಮೊದಲು ಏಳುವುದು ಸಹಜ. ಪುತ್ತೂರು, ಸುಳ್ಯ, ಕಡಬಗಳೆಂದು ಇಂದು ಮೂರು ತಾಲೂಕುಗಳಾಗಿರುವ ಈ ಪ್ರದೇಶಕ್ಕೆ ಒಂದು ಮೊಳದಷ್ಟೂ ಕಡಲತೀರವಿಲ್ಲ. ಗುಡ್ಡ, ಕಾಡು, ಬಯಲು ಗದ್ದೆ, ಕಂಗಿನ ತೋಟ, ಇವೇ ಇಲ್ಲಿಯ ಸಂಪತ್ತು. ಮೂಡಣಕ್ಕೆ ಸಹ್ಯಾದ್ರಿಯ ಗೋಡೆ. ಆದರೆ ಈ ಗೋಡೆಯಿಂದ ಇಳಿಯುವ ಎರಡು ಹೊಳೆಗಳು ಸೀಮೆಯನ್ನು ಕಡಲಿಗೆ ಕಟ್ಟಿವೆ. ಕುದುರೆಮುಖದ ಕಡೆಯಿಂದ ಬರುವ ನೇತ್ರಾವತಿಯನ್ನು ಸುಬ್ರಹ್ಮಣ್ಯದ ಬೆಟ್ಟಗಳಿಂದ ಬರುವ ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ಕೂಡುವುದು. ಕೂಡಿದ ನೀರು ಬಂಟವಾಳ, ಪಾಣೆಮಂಗಳೂರುಗಳನ್ನು ಹಾಯ್ದು ಮಂಗಳೂರಿನ ಅಳಿವೆಯಲ್ಲಿ ಕಡಲನ್ನು ಸೇರುವುದು. ಗಾಡಿಯ ದಾರಿಗಳು ಆಗುವ ಮೊದಲು ಭಾರದ ಸರಕಿಗೆ ಹೊಳೆಯೇ ಹೆದ್ದಾರಿ. ಕೆಳಗಡೆಯ ಪೇಟೆಯಾದ ಬಂಟವಾಳವು ಬೆಳೆದುದು ಈ ಜಲಮಾರ್ಗದಿಂದಲೇ. ಆಂಗ್ಲರು ನೇತ್ರಾವತಿಯನ್ನು ಬಹುಕಾಲ ಬಂಟವಾಳದ ಹೊಳೆಯೆಂದೇ ಕರೆಯುತ್ತಿದ್ದುದು ಗಮನಿಸತಕ್ಕ ಸಂಗತಿ: ಹೊಳೆಯು ಪುಣ್ಯತೀರ್ಥವೆಂಬುದಕ್ಕಿಂತ ಪೇಟೆಯ ದಾರಿಯೆಂಬುದೇ ಅವರ ಕಣ್ಣಿಗೆ ಮೊದಲು ಬಿದ್ದಿತು.

ಈಗ ಕಡಲಿನ ಕಡೆಗೆ ನೋಡೋಣ. ಮಂಗಳೂರಿನ ಅಳಿವೆಯು ವಿದೇಶೀಯರಿಗೆ ಎಂದಿನಿಂದ ತಿಳಿದಿತ್ತೆಂಬ ವಿಷಯದಲ್ಲಿ ಮತಭೇದವುಂಟು. ಪ್ಲಿನಿಯು ಹೇಳುವ ನಿತ್ರಿಯಾಸ್, ಟಾಲೆಮಿಯು ಹೇಳುವ ನಿತ್ರ, ಇವು ನೇತ್ರಾವತಿಯ ಹೆಸರನ್ನೇ ಹೊತ್ತಿರುವುವೆಂದು ಕೆಲವರು ವಾದಿಸಿರುವರು. ಹೆಸರಿನ ಧ್ವನಿಸಾಮ್ಯವೊಂದನ್ನೇ ಹಿಡಿದು ಇಂಥ ನಿರ್ಣಯಕ್ಕೆ ಬರುವುದು ಯುಕ್ತವಲ್ಲವೆಂದು ನನಗೆ ತೋರುತ್ತದೆ. ಆದರೆ ಆರನೆಯ ಶತಮಾನದ ಕಾಸ್ಮಾಸನು ಮೆಣಸಿನ ಪೇಟೆಗಳನ್ನು ಎಣಿಸುವಾಗ ಹೇಳುವ ‘ಮಂಗರೂಥ್’ ಎಂಬುದರಲ್ಲಿ ಸಂಶಯಕ್ಕೆ ಎಡೆ ಕಡಮೆ. ಮುಂದೆ ಹನ್ನೆರಡನೆಯ ಶತಮಾನಕ್ಕೆ ಬಂದರೆ ದಾಖಲೆಯು ಬಹಳ ಸ್ಫುಟವಾಗುವುದು. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು ಸುಮಾರು ೧೧೩೨ರಿಂದ ೧೧೪೯ರ ವರೆಗೆ ಮಂಗಳೂರಿನಲ್ಲಿ ನೆಲೆಸಿ, ಏಡನ್ನಿನ ತನ್ನ ಪಾಲುಗಾರರಿಗೆ ಸರಕು ಕಳುಹಿಸುತ್ತಿದ್ದನು. ಅವನಿಗೂ ಅವರಿಗೂ ನಡೆದ ಪತ್ರವ್ಯವಹಾರವು ಕೈರೋ ನಗರದ ಯಹೂದಿ ಮಂದಿರವೊಂದರ ಕಾಗದದ ರಾಶಿಯಲ್ಲಿ ಉಳಿದುಬಂದಿದ್ದು, ಗೊಯ್ಟೈನ್ ಎಂಬ ವಿದ್ವಾಂಸರ ಪರಿಶ್ರಮದಿಂದ ಬೆಳಕಿಗೆ ಬಂದಿತು. ಅಮಿತಾವ ಘೋಷರು ೧೯೯೨ರಲ್ಲಿ ಪ್ರಕಟಿಸಿದ ಗ್ರಂಥದಿಂದ ಅದು ಸಾಮಾನ್ಯ ವಾಚಕರಿಗೂ ಪರಿಚಿತವಾಯಿತು. ಆ ಕಾಗದಗಳಲ್ಲಿ ಮೆಣಸು, ಏಲಕ್ಕಿ, ಶುಂಠಿ, ಕಬ್ಬಿಣಗಳ ಜೊತೆಗೆ ಅಡಕೆಯೂ ಕಾಣಿಸಿಕೊಳ್ಳುತ್ತದೆ. ಅಡಕೆಯಾಗಲಿ ಮೆಣಸಾಗಲಿ ಮಂಗಳೂರಿನ ಮರಳುದಂಡೆಯಲ್ಲಿ ಬೆಳೆಯುವ ವಸ್ತುವಲ್ಲ. ಅವು ಹೊಳೆಗಳ ಮೇಲಣ ಕಣಿವೆಗಳ ಬೆಳೆಗಳು. ನಮ್ಮ ಸೀಮೆಯೇ ಆ ಕಣಿವೆಗಳಲ್ಲೊಂದು. ಕ್ರಿ. ಶ. ೧೩೪೨ರ ಸುಮಾರಿಗೆ ಬಂದ ಇಬ್ನ್ ಬತೂತನು ಮಂಗಳೂರಿನ ಅಳಿವೆಯನ್ನು ಮಲೆಯಾಳ ಕರಾವಳಿಯಲ್ಲಿಯೇ ದೊಡ್ಡದೆಂದು ಬಣ್ಣಿಸಿ, ಪಾರಸಿಕ ಮತ್ತು ಯಮನ್ ದೇಶಗಳ ವರ್ತಕರು ಇಳಿಯುವ ಸ್ಥಳ ಇದೆಂದೂ ಇಲ್ಲಿ ಮೆಣಸು ಶುಂಠಿಗಳು ಹೇರಳವಾಗಿರುವುವೆಂದೂ ಹೇಳುವನು. ೧೫೧೬ರ ಸುಮಾರಿನಲ್ಲಿ ಬರೆದ ಬಾರ್ಬೋಸನು ಇಲ್ಲಿಂದ ಹಡಗು ಹಡಗಾಗಿ ಕೆಂಪಕ್ಕಿಯು ಮುಸಲ್ಮಾನರ ದೇಶಗಳಿಗೆ ಹೋಗುವುದನ್ನು ಕಂಡನು. ಹೊಳೆಯ ದಡಗಳು ತೋಪುಗಳಿಂದಲೂ ಮನೆ ದೇವಾಲಯಗಳಿಂದಲೂ ತುಂಬಿದ್ದುದನ್ನು ಮೆಚ್ಚಿದನು. ಮೆಣಸು ಬೆಳೆಯತೊಡಗುವುದೇ ಈ ನೆಲದಿಂದ, ಬೆಳೆ ಸ್ವಲ್ಪವಾದರೂ ಗುಣ ಮೇಲಾದುದು ಎಂದನು.

ಈ ನಾವೆಗಳು ವರ್ಷವಿಡೀ ಓಡಾಡುತ್ತಿದ್ದವೆಂದು ಭಾವಿಸಬಾರದು. ನೈಋತ್ಯ ಮಾರುತದ ರಭಸದಲ್ಲಿ ಪಶ್ಚಿಮ ಕರಾವಳಿಯ ಅಳಿವೆಗಳು ಮುಚ್ಚಿಹೋಗುವುವು. ಮರಳದಿಣ್ಣೆಗಳ ಮೇಲೆ ತೆರೆಯೊಡೆದು ಒಳಬರುವ ದಾರಿಯೇ ಇಲ್ಲವಾಗುವುದು. ಹದಿನೈದನೆಯ ಶತಮಾನದ ಕೊನೆಯಲ್ಲಿ ಅರಬ್ಬೀ ನಾವಿಕಶ್ರೇಷ್ಠನಾದ ಇಬ್ನ್ ಮಾಜಿದನು ರಚಿಸಿದ ನೌಕಾಶಾಸ್ತ್ರ ಗ್ರಂಥದಲ್ಲಿ, ವರ್ಷದಲ್ಲಿ ಸುಮಾರು ಮೂರು ತಿಂಗಳು ಭಾರತದ ಪಶ್ಚಿಮ ತೀರದ ಸಮುದ್ರವು ‘ಮುಚ್ಚಿರುವುದು’ ಎಂದೇ ಹೇಳಿದೆ. ಇಲ್ಲಿ ನಮ್ಮ ವಿಚಾರಕ್ಕೆ ಮುಖ್ಯವಾದ ಅಂಶವೊಂದುಂಟು. ಇಬ್ನ್ ಮಾಜಿದನು ಮುಸಲ್ಮಾನನು. ಅವನ ಧರ್ಮಕಾರ್ಯಗಳೆಲ್ಲವೂ ಚಾಂದ್ರಮಾನದ ಹಿಜರೀ ವರ್ಷದಂತೆ ನಡೆಯುವುವು. ಆದರೆ ಹಡಗು ಹೊರಡುವ ದಿನಗಳನ್ನು ಅವನು ಹಿಜರೀ ತಿಂಗಳುಗಳಲ್ಲಿ ಹೇಳುವುದಿಲ್ಲ. ಪಾರಸಿಕರ ನೌರೋಜಿನಿಂದ ಮೊದಲುಗೊಂಡು ಇಷ್ಟನೆಯ ದಿನವೆಂದು, ೩೬೫ ದಿನಗಳ ವರ್ಷದ ಲೆಕ್ಕದಲ್ಲಿ ಹೇಳುವನು. ಕಾರಣ ಸ್ಪಷ್ಟ. ಮಾರುತಗಳು ಸೂರ್ಯನನ್ನು ಅನುಸರಿಸುವುವಲ್ಲದೆ ಚಂದ್ರನನ್ನಲ್ಲ. ಚಾಂದ್ರಮಾನವನ್ನು ನಂಬಿ ಪಯಣ ಹೊರಟವನು ಕೆಲವು ವರ್ಷಗಳಲ್ಲಿಯೇ ಬಿರುಗಾಳಿಯ ಬಾಯಿಗೆ ಬೀಳಬೇಕಾದೀತು.

ಇದೇ ಸೌರಗಣನೆಯು ತುಳುನಾಡಿನದೂ ಆಗಿರುವುದು ವಿದಿತವೇ ಇದೆ. ಘಟ್ಟದ ಮೇಲಣ ಕನ್ನಡಿಗರು ಚಾಂದ್ರಮಾನವನ್ನು ಅನುಸರಿಸಿ ಚೈತ್ರ ಶುದ್ಧ ಪ್ರತಿಪದೆಯಂದು ಯುಗಾದಿಯನ್ನು ಮಾಡುವರು. ಘಟ್ಟದ ಕೆಳಗೆ ಪಗ್ಗು ತಿಂಗಳ ಮೊದಲ ದಿನದ ಬಿಸುವೇ ವರ್ಷಾರಂಭ. ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ಮೊದಲಾದ ಹನ್ನೆರಡೂ ಸೌರಮಾಸಗಳೇ. ‘ಬೇಶದ ಹತ್ತು’ ಎಂಬ ಮಿತಿಯು ತಿಥಿಯಲ್ಲ, ದಿನಸಂಖ್ಯೆ. ಅಧಿಕಮಾಸ ಬಂದರೂ ಬಾರದಿದ್ದರೂ ಅದು ಕದಲುವುದಿಲ್ಲ. ತುಳುವರು ಇದನ್ನು ಅರಬ್ಬರಿಂದ ಕಲಿತರೆಂದಾಗಲಿ, ಅರಬ್ಬರು ತುಳುವರಿಂದ ಕಲಿತರೆಂದಾಗಲಿ ನಾನು ಹೇಳುತ್ತಿಲ್ಲ. ಇಬ್ಬರೂ ಒಂದೇ ಗಾಳಿಗೆ ಉತ್ತರ ಕೊಟ್ಟವರು. ಆದರೆ ಇಬ್ಬರ ಉತ್ತರವೂ ದಿನಸಂಖ್ಯೆಯ ರೂಪವನ್ನೇ ತಾಳಿದುದರಿಂದ ಪೇಟೆಯಲ್ಲಿ ಅವರು ಒಬ್ಬರನ್ನೊಬ್ಬರು ತಿಳಿಯುವುದು ಸುಲಭವಾಗಿದ್ದಿರಬೇಕು. ‘ಪತ್ತನಾಜೆಗೆ ಮುಂಚೆ’ ಎಂಬ ಮಾತಿಗೆ ತೋಟದವನ ಬಾಯಲ್ಲಿಯೂ ಹಡಗಿನವನ ಕಿವಿಯಲ್ಲಿಯೂ ಒಂದೇ ಅರ್ಥ.

ಹೊಳೆಯ ದಾರಿಯಲ್ಲಿ ಸೀಮೆಯ ಬಾಗಿಲು ಉಪ್ಪಿನಂಗಡಿ. ಈ ಹೆಸರನ್ನು ಒಡೆಯುವುದಕ್ಕೆ ನಿಘಂಟು ಬೇಡ: ಉಪ್ಪಿನ ಅಂಗಡಿ. ಬೆಳ್ತಂಗಡಿ, ಹೊಸಂಗಡಿ, ಹಳೆಯಂಗಡಿಗಳಂತೆ ಇದೂ ಪೇಟೆಯಿಂದ ಹುಟ್ಟಿದ ಊರು. ಆದರೆ ಅವುಗಳಲ್ಲಿ ಅಂಗಡಿ ಹೊಸದೋ ಹಳೆಯದೋ ಎಂಬುದಷ್ಟೇ ತಿಳಿಯುವಲ್ಲಿ, ಇಲ್ಲಿ ಸರಕಿನ ಹೆಸರೇ ಊರಿನ ಹೆಸರಾಗಿ ನಿಂತಿದೆ. ಉಪ್ಪು ಕಡಲಿನ ವಸ್ತು. ಕರಾವಳಿಯದಾಗಲಿ, ಮಂಗಳೂರಿಗೆ ಹಡಗಿನಲ್ಲಿ ಬಂದುದಾಗಲಿ, ಅದು ಹೊಳೆಯ ದಾರಿ ಹಿಡಿದು ಮೇಲಕ್ಕೆ ಬಂದು, ನೀರಿದ್ದಷ್ಟು ದೂರ ದೋಣಿಯಲ್ಲಿಯೂ ಮುಂದೆ ಹೇರೆತ್ತಿನ ಬೆನ್ನಿನಲ್ಲಿಯೂ ಸಾಗಿ, ಸಂಪಾಜೆ ಬಿಸಲೆಗಳ ಘಟ್ಟದಾರಿಗಳಿಂದ ಕೊಡಗಿಗೂ ಮಂಜರಾಬಾದಿಗೂ ಏರುತ್ತಿದ್ದಿತು. ತುಳುವಿನಲ್ಲಿ ಈ ಊರನ್ನು ‘ಉಬಾರ್’ ಎನ್ನುವರು. ಈ ಎರಡನೆಯ ಹೆಸರಿನ ಕಡೆಗೆ ಭಾಷಾಶಾಸ್ತ್ರಜ್ಞರ ದೃಷ್ಟಿ ಹರಿಯಬೇಕು. ಕನ್ನಡದ ‘ಉಬ್ಬರ’ ಶಬ್ದವು ಕರಾವಳಿಯಲ್ಲಿ ಸಮುದ್ರದ ಏರಿಕೆಯನ್ನು ಹೇಳುವುದು; ಉಪ್ಪಿನಂಗಡಿಯ ತನಕ ಸಮುದ್ರದ ಉಬ್ಬರವು ಬರುವುದಿಲ್ಲ, ಆದರೆ ಎರಡು ಹೊಳೆಗಳು ಉಕ್ಕಿ ಒಂದಾಗುವ ಉಬ್ಬರ ಇಲ್ಲಿ ಪ್ರತಿ ಮಳೆಗಾಲವೂ ಕಾಣುವಂಥದು. ಉಬಾರ್ ಎಂಬುದು ಈ ಉಬ್ಬರದ ರೂಪಾಂತರವಾಗಿರಬಹುದೆಂದು ನನ್ನ ಊಹೆ. ಹಾಗಾದರೆ ಒಂದೇ ಊರಿಗೆ ಕನ್ನಡದಲ್ಲಿ ಬೇಸಗೆಯ ಹೆಸರೂ ತುಳುವಿನಲ್ಲಿ ಮಳೆಗಾಲದ ಹೆಸರೂ ದೊರೆತಂತಾಯಿತು. ೧೯೨೩ ಮತ್ತು ೧೯೭೪ರ ನೆರೆಗಳನ್ನು ಕಂಡವರಿಗೆ ಎರಡನೆಯ ಹೆಸರು ಉತ್ಪ್ರೇಕ್ಷೆಯೆಂದು ತೋರಿರಲಾರದು. ಹೊಳೆಗಳೆರಡೂ ಉಕ್ಕಿ ಸಹಸ್ರಲಿಂಗೇಶ್ವರನ ಗುಡಿಯ ಮುಂದೆ ಒಂದಾದರೆ ಅದನ್ನು ‘ಸಂಗಮ’ವೆಂದು ಕರೆದು ಗಂಗಾಪೂಜೆ ಮಾಡುವ ಪದ್ಧತಿ ಅಲ್ಲಿದೆ.

ಬೇಸಗೆಯ ಕಡೆಗೆ ಉಪ್ಪಿನ ಬೇಡಿಕೆ ಹೆಚ್ಚುವುದಕ್ಕೆ ಮನೆವಾರ್ತೆಯಲ್ಲಿಯೇ ಕಾರಣವುಂಟು. ಇದನ್ನು ಸಣ್ಣ ವಿಷಯವೆಂದು ಚರಿತ್ರಕಾರರು ಬಿಟ್ಟುಬಿಡುವುದು ಸರಿಯಲ್ಲ. ಮಾವಿನ ಮಿಡಿ ಉದುರುವುದೂ ಹಲಸು ಬಲಿಯುವುದೂ ಪಗ್ಗು ಬೇಶಗಳಲ್ಲಿ. ಆಟಿಯ ಮಳೆಯಲ್ಲಿ ಕಾಯಿಪಲ್ಯವೇ ಸಿಕ್ಕದ ಕಾಲಕ್ಕೆಂದು ಮಿಡಿಯನ್ನು ಭರಣಿಯಲ್ಲಿಯೂ, ಹಲಸಿನ ತೊಳೆಯನ್ನು ಉಪ್ಪುಸೊಳೆಯೆಂದು ಉಪ್ಪುನೀರಿನಲ್ಲಿಯೂ ಹಾಕಿಡುವುದು ಈ ಸೀಮೆಯ ಎಲ್ಲ ಮನೆಗಳ ಕ್ರಮ. ಮೀನು ತಿನ್ನುವ ಮನೆಗಳಲ್ಲಿ ಒಣಮೀನಿನ ಸಂಗ್ರಹ. ಅದೂ ಕಡಲಿನಿಂದಲೇ ಬರಬೇಕು, ಅದಕ್ಕೂ ಉಪ್ಪೇ ಆಧಾರ. ಮಳೆ ಹಿಡಿದಮೇಲೆ ಉಪ್ಪು ಕರಗುವುದು, ದಾರಿ ಕೆಸರಾಗುವುದು, ಹೊಳೆ ದಾಟುವಂತಿಲ್ಲ, ಬಂದರಿನಲ್ಲಿ ಸರಕೂ ಇಲ್ಲ. ಆದುದರಿಂದ ನಾಲ್ಕೈದು ತಿಂಗಳ ಉಪ್ಪನ್ನು ಪತ್ತನಾಜೆಗೆ ಮುಂಚೆ ಮನೆಯ ಮರಿಗೆಗೆ ತುಂಬಿಕೊಳ್ಳಲೇಬೇಕಾಗಿದ್ದಿತು. ಹೀಗೆ ತುಂಬಿಕೊಳ್ಳುವವರು ಹತ್ತಾರು ಗ್ರಾಮಗಳಿಂದ ಒಂದೆಡೆಗೆ ಬರುವ ಸಂದರ್ಭಗಳು ಯಾವುವು? ಜಾತ್ರೆಗಳೇ.

ಉಪ್ಪಿನಂಗಡಿಯ ಮಖೆಜಾತ್ರೆಯು ಇವುಗಳಲ್ಲಿ ಮೊದಲನೆಯದು. ಮಾಘಮಾಸದಿಂದ ಮೊದಲುಗೊಂಡು ಮಖಾನಕ್ಷತ್ರದ ದಿನಗಳಲ್ಲಿ ಒಂದನೆಯ, ಎರಡನೆಯ, ಮೂರನೆಯ ಮಖೆಗಳೆಂದು ಅದು ಮೂರು ಸಲ ನಡೆಯುವುದು. ಆಗ ಹೊಳೆ ಇಳಿದು ಮರಳು ಮೇಲಾಗಿರುವುದು. ಭೀಮನು ಪುರುಷಾಮೃಗದಿಂದ ತಪ್ಪಿಸಿಕೊಳ್ಳಲು ಎಸೆದ ಕೂದಲುಗಳಿಂದ ಸಾವಿರ ಲಿಂಗಗಳು ಹುಟ್ಟಿದುವೆಂದೂ ಅವುಗಳಲ್ಲೊಂದು ನದಿಯ ಗರ್ಭದಲ್ಲಿರುವುದೆಂದೂ ಸ್ಥಳಪುರಾಣ. ಮಳೆಗಾಲದಲ್ಲಿ ನೀರು ಮರಳುಗಳ ಅಡಿಯಲ್ಲಿ ಮುಳುಗಿರುವ ಈ ಲಿಂಗಕ್ಕೆ ಬೇಸಗೆಯಲ್ಲಿ ಮರಳು ಸರಿಸಿ ಪೂಜೆ ಸಲ್ಲಿಸುವರು. ಮಖೆಯು ನಕ್ಷತ್ರವನ್ನು ಹಿಡಿದ ಉತ್ಸವವಾದುದರಿಂದ ಸೌರಗಣನೆಯ ಮಾತು ಇದಕ್ಕೆ ಅನ್ವಯಿಸುವುದಿಲ್ಲ. ಅದು ಕಡಲು ತೆರೆದಿರುವ ಕಾಲದ ನಟ್ಟನಡುವೆ ಬೀಳುವುದರಿಂದ ಹತ್ತು ದಿನ ಹಿಂದುಮುಂದಾದರೂ ವ್ಯಾಪಾರಕ್ಕೆ ಬಾಧಕವಿರಲಿಲ್ಲ.

ಪುತ್ತೂರ ಮಹಾಲಿಂಗೇಶ್ವರನ ಜಾತ್ರೆಯ ರೀತಿಯೇ ಬೇರೆ. ಅದು ಸೌರಮಾನದಂತೆ ನಡೆಯುವುದರಿಂದ ಅದರ ದಿನಗಳನ್ನು ಜನರು ಇಂಗ್ಲಿಷ್ ತಾರೀಖಿನಲ್ಲಿಯೇ ಬಾಯಿಪಾಠ ಮಾಡಿಕೊಂಡಿರುವರು: ಏಪ್ರಿಲ್ ೧೦ಕ್ಕೆ ಧ್ವಜಾರೋಹಣ, ೧೭ಕ್ಕೆ ಬ್ರಹ್ಮರಥ. ಬಿಸು ಇವೆರಡರ ನಡುವೆ ಬರುವುದು. ೧೬ರಂದು ಬಲ್ನಾಡಿನಿಂದ ದಂಡನಾಯಕ ಉಳ್ಳಾಲ್ತಿ ದೈವಗಳ ಭಂಡಾರವು ಪುತ್ತೂರಿಗೆ ಬರುವುದು. ಉಳ್ಳಾಲ್ತಿಗೆ ಮಲ್ಲಿಗೆಯ ಹರಕೆ ವಿಶೇಷ. ಆ ದಿನ ಪುತ್ತೂರಿನಲ್ಲಿ ಕಾಣುವ ಮಲ್ಲಿಗೆಯ ರಾಶಿಯನ್ನು ನೋಡದವರಿಗೆ ವರ್ಣಿಸಿ ತಿಳಿಸುವುದು ಕಷ್ಟ. ರಥೋತ್ಸವದ ಮಾರನೆಯ ದಿನ ದೇವರು ವೀರಮಂಗಲಕ್ಕೆ ಸವಾರಿ ಹೊರಟು, ರಾತ್ರಿಯೆಲ್ಲ ಕಟ್ಟೆಕಟ್ಟೆಗಳಲ್ಲಿ ಪೂಜೆಗೊಳ್ಳುತ್ತ ಹಲವು ಮೈಲಿ ಸಾಗಿ, ಕುಮಾರಧಾರೆಯಲ್ಲಿ ಅವಭೃಥಸ್ನಾನವನ್ನು ಮಾಡುವನು. ದೇವಸ್ಥಾನದ ಮಗ್ಗುಲಲ್ಲಿಯೇ ವಿಶಾಲವಾದ ಕೆರೆಯಿರುವಾಗ ಸ್ನಾನಕ್ಕೆ ಇಷ್ಟು ದೂರ ಹೊಳೆಗೆ ಹೋಗುವುದೇಕೆ? ಅವಭೃಥಕ್ಕೆ ಹರಿಯುವ ನೀರು ಪ್ರಶಸ್ತವೆಂಬ ಶಾಸ್ತ್ರಕಾರಣ ಇದ್ದೇ ಇದೆ. ಆದರೆ ಸೀಮೆಯ ದೇವರು ವರ್ಷಕ್ಕೊಮ್ಮೆ ತನ್ನ ಸೀಮೆಯ ದೊಡ್ಡ ಜಲಮಾರ್ಗದ ಅಂಚಿನ ವರೆಗೆ ದಾರಿಯ ಗ್ರಾಮಗಳ ಕಾಣಿಕೆ ಸ್ವೀಕರಿಸುತ್ತ ಬರುವನೆಂಬುದರಲ್ಲಿ ಭೂಗೋಳವೂ ಕೂಡಿಕೊಂಡಿದೆ.

ಕೆರೆಯ ಮಾತು ಬಂದುದರಿಂದ ಊರಿನ ಹೆಸರಿನ ಕಥೆಯನ್ನು ಇಲ್ಲಿಯೇ ಪರಿಶೀಲಿಸಬಹುದು. ಕೆರೆಯನ್ನು ಎಷ್ಟು ಅಗೆದರೂ ನೀರು ಬಾರದಿರಲು, ಅದರ ತಳದಲ್ಲಿಯೇ ಬ್ರಾಹ್ಮಣರಿಗೆ ಸಂತರ್ಪಣೆ ಮಾಡಿಸಿದರಂತೆ. ಉಣ್ಣುತ್ತಿದ್ದಂತೆಯೇ ನೀರುಕ್ಕಿ, ಎಲೆಯಲ್ಲುಳಿದ ಅನ್ನದ ಅಗುಳುಗಳೆಲ್ಲ ಮುತ್ತಾದುವಂತೆ. ಅದರಿಂದ ಮುತ್ತೂರು, ಮುತ್ತೂರೇ ಪುತ್ತೂರು. ವ್ಯುತ್ಪತ್ತಿಯ ದೃಷ್ಟಿಯಿಂದ ಇದು ನಿಲ್ಲುವಂಥದಲ್ಲ. ಪದಾದಿಯ ಮಕಾರವು ಹೀಗೆ ಪಕಾರವಾಗುವುದಕ್ಕೆ ನಮ್ಮ ಭಾಷೆಗಳಲ್ಲಿ ನಿಯಮವನ್ನು ತೋರಿಸುವುದು ಕಷ್ಟ. ಹುತ್ತವನ್ನು ಹೇಳುವ ಪುತ್ತು ಎಂಬುದನ್ನೋ, ಹೊಸದೆಂಬ ಅರ್ಥದ ಪುದು ಎಂಬುದನ್ನೋ ಹಿಡಿಯುವುದು ಲೇಸು. ದಕ್ಷಿಣದೇಶದಲ್ಲಿ ಪುತ್ತೂರುಗಳು ಒಂದೆರಡಲ್ಲ, ಎಲ್ಲೆಡೆಯೂ ಅನ್ನ ಮುತ್ತಾಗಿರಲಾರದು. ಆದರೆ ಕಥೆಯು ವ್ಯುತ್ಪತ್ತಿಯಾಗಿ ಬಿದ್ದುಹೋದ ಮಾತ್ರಕ್ಕೆ ಸಾಕ್ಷ್ಯವಾಗಿ ಬಿದ್ದುಹೋಗುವುದಿಲ್ಲ. ಗುಡ್ಡಗಾಡಿನ ಊರೊಂದು ತನ್ನ ಐಶ್ವರ್ಯವನ್ನು ಹೇಳಿಕೊಳ್ಳುವಾಗ ಹೊನ್ನನ್ನು ಹೇಳಲಿಲ್ಲ, ಗಂಧವನ್ನು ಹೇಳಲಿಲ್ಲ. ಕಡಲಾಚೆಯಿಂದ ಬರುವ ಮುತ್ತನ್ನು ಹೇಳಿತು. ಅದನ್ನೂ ಅನ್ನದೊಡನೆ ಜೋಡಿಸಿ ಹೇಳಿತು. ಅಕ್ಕಿ ಕೆಳಗಿಳಿದು ಹೋಗಿ ಸಮುದ್ರದ ಸರಕು ಮೇಲೇರಿ ಬರುವ ವ್ಯವಹಾರವನ್ನು ಕಣ್ಣಾರೆ ಕಂಡ ಜನರಿಗೆ, ಅಗುಳು ಮುತ್ತಾಯಿತೆಂಬ ಮಾತು ಪವಾಡವಾಗಿಯಷ್ಟೇ ಅಲ್ಲದೆ ಅನುಭವವ��ಗಿಯೂ ಕೇಳಿಸಿರಬಹುದು.

ಅಕ್ಕಿಯ ವಿಷಯದಲ್ಲಿ ಇನ್ನೊಂದು ಮಾತು. ಲಕ್ಷದ್ವೀಪಗಳಲ್ಲಿ ಬಡಗಣವಾದ ಅಮಿನಿ, ಕಡಮತ್ತು, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ೧೯೫೬ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದುವೆಂಬುದನ್ನು ಇಂದಿನ ವಾಚಕರಲ್ಲಿ ಅನೇಕರು ಮರೆತಿರುವರು. ಆ ದ್ವೀಪಗಳಲ್ಲಿ ಭತ್ತ ಬೆಳೆಯುವುದಿಲ್ಲ. ದ್ವೀಪದವರು ತಮ್ಮ ಓಡಗಳಲ್ಲಿ ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತಂದು ಸರಕಾರಕ್ಕೆ ಒಪ್ಪಿಸಿ, ಪ್ರತಿಯಾಗಿ ಅಕ್ಕಿಯನ್ನು ಪಡೆದು ಮಳೆಗಾಲಕ್ಕೆ ಮುಂಚೆ ಹಿಂದಿರುಗುತ್ತಿದ್ದರು. ಬೈಹುಲ್ಲಿನಿಂದ ಬಿಗಿದು ಕಟ್ಟಿದ ಮುಡಿಯು ಇಂಥ ಪಯಣಕ್ಕೆ ಹೇಳಿಸಿದಂತಿದ್ದಿತು. ಮಳೆಗಾಲದ ಅನ್ನಕ್ಕಾಗಿ ದ್ವೀಪದವನು ಪತ್ತನಾಜೆಯೊಳಗೆ ಅಕ್ಕಿ ಹೇರಿಕೊಂಡು ಹೋಗಬೇಕು. ಮಳೆಗಾಲದ ವ್ಯಂಜನಕ್ಕಾಗಿ ಪುತ್ತೂರವನು ಪತ್ತನಾಜೆಯೊಳಗೆ ಉಪ್ಪು ತರಿಸಿಕೊಳ್ಳಬೇಕು. ಕಡಲ ನಡುವಿನವನೂ ಕಾಡಿನ ಅಂಚಿನವನೂ ಒಂದೇ ಗಡುವಿಗೆ ಅಂಜುತ್ತಿದ್ದರು.

ಸೀಮೆಯ ಮುಖ್ಯ ಬೆಳೆಗಳೂ ಈ ಗಡುವಿಗೆ ಹೊಂದಿಕೊಂಡಿವೆ. ಅಡಕೆಯ ಕೊಯ್ಲು ಚಳಿಗಾಲದಲ್ಲಿ ನಡೆದು, ಗೋಟಾಗಿ ಅಂಗಳದಲ್ಲಿ ಒಂದೂವರೆ ತಿಂಗಳು ಬಿಸಿಲು ಕಂಡಮೇಲೆಯೇ ಚಾಲಿಯಾಗುವುದು. ಮೆಣಸನ್ನು ಮಕರದಿಂದ ಮೀನದ ವರೆಗೆ ಕೊಯ್ದು ಒಣಗಿಸುವರು. ಎಂದರೆ ಸರಕು ಸಿದ್ಧವಾಗುವುದು ಮೀನದ ಕೊನೆಗೆ, ಬಂದರು ಮುಚ್ಚುವುದು ವೃಷಭದಲ್ಲಿ. ನಡುವೆ ಉಳಿಯುವುದು ಮೇಷವೊಂದೇ. ಮಳೆ ತಗಲಿದರೆ ಅಡಕೆಗೆ ಬೂಸಲು ಹಿಡಿಯುವುದು, ಮೆಣಸು ತೂಕ ಕೆಡುವುದು. ಆದುದರಿಂದ ಬಿಸುವಿನ ಹಿಂದುಮುಂದಣ ಆ ನಾಲ್ಕೈದು ವಾರಗಳಲ್ಲಿ ಮಾರುವವನು, ಕೊಳ್ಳುವವನು, ಹೊರುವವನು, ಸಾಲ ಕೊಟ್ಟವನು ಇವರೆಲ್ಲರೂ ಒಂದೆಡೆ ಸೇರುವುದು ಅವಶ್ಯವಾಯಿತು. ಪುತ್ತೂರ ಜಾತ್ರೆ ಬೀಳುವುದು ಸರಿಯಾಗಿ ಈ ವಾರಗಳಲ್ಲಿ. ಪ್ಲಿನಿಯ ಕಾಲದ ಹಡಗುಗಳು ಡಿಸೆಂಬರಿನಲ್ಲಿಯೇ ಹಿಂದಿರುಗುತ್ತಿದ್ದುದರಿಂದ ಅವು ಒಯ್ದುದು ಹಿಂದಿನ ವರ್ಷದ ಮೆಣಸಾಗಿರಬೇಕು; ಹೊಸ ಬೆಳೆಯನ್ನು ಹೊತ್ತು ಹೋದವರು ವಸಂತದ ಕೊನೆಯ ವರೆಗೆ ಕಾದು ಹೊರಡುತ್ತಿದ್ದ ಅರಬ್ಬರೇ. ಇದು ಪ್ರಾಸಂಗಿಕವಾಗಿ ಹೇಳಿದ ಮಾತು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕಾಗಿದೆ. ಮುಚ್ಚುವ ದಿನ ಒಂದೇ ಆದರೆ ತೆರೆಯುವ ದಿನವೂ ಒಂದೇ ಆಗಬೇಡವೇ? ಕರಾವಳಿಯ ಮೊಗವೀರರು ಶ್ರಾವಣದ ನೂಲಹುಣ್ಣಿಮೆಯಂದು ಸಮುದ್ರಕ್ಕೆ ಹಾಲೆರೆದು ತೆಂಗಿನಕಾಯಿ ಅರ್ಪಿಸಿ ಕಡಲಿಗಿಳಿಯುವರು. ಪುತ್ತೂರಿನಲ್ಲಿಯಾದರೋ ದೇವರು ಮತ್ತೆ ಬಲಿ ಹೊರಡುವುದು ದೀಪಾವಳಿಗೆ, ಎರಡು ಎರಡೂವರೆ ತಿಂಗಳು ತಡವಾಗಿ. ಆಕ್ಷೇಪವು ಸರಿಯಾದುದೇ, ಅದನ್ನು ಮರೆಮಾಡಿ ಸಿದ್ಧಾಂತವನ್ನು ಅಂದಗೊಳಿಸುವುದು ಉಚಿತವಲ್ಲ. ವಸ್ತುಸ್ಥಿತಿ ಹೀಗಿದೆಯೆಂದು ನನಗೆ ತೋರುತ್ತದೆ: ಋತುವನ್ನು ಮುಚ್ಚುವ ಅಧಿಕಾರ ಕಡಲಿನದು, ತೆರೆಯುವ ಅಧಿಕಾರ ಗದ್ದೆಯದು. ಏಣೆಲಿನ ಪೈರು ಕೊಯ್ಲಾಗಿ ಮನೆ ಸೇರುವುದು ಕನ್ಯಾ ತುಲಾ ಮಾಸಗಳಲ್ಲಿ. ಅದಕ್ಕೆ ಮುಂಚೆ ಒಳನಾಡಿನವನ ಕೈಯಲ್ಲಿ ಮಾರುವುದಕ್ಕೆ ಏನೂ ಇಲ್ಲ. ಕಡಲು ತೆರೆದರೂ ಅವನಿಗೆ ತೆರೆದಂತಲ್ಲ. ಕರಾವಳಿಯ ಮೀನುಗಾರನಿಗೆ ಮಳೆ ತಗ್ಗಿದ ದಿನವೇ ಹೊಸ ವರ್ಷ, ಒಳನಾಡಿನ ಒಕ್ಕಲಿಗೆ ಪೊಲಿ ತುಂಬಿದ ದಿನ. ಆದುದರಿಂದ ಆರಂಭಗಳು ಬೇರೆ ಬೇರೆ. ಅಂತ್ಯ ಮಾತ್ರ ಇಬ್ಬರಿಗೂ ಒಂದು.

ದೈವಗಳ ವಿಷಯದಲ್ಲಿಯೂ ಈ ಭೇದವೇ ಕಾಣುವುದು. ಕರಾವಳಿಯಲ್ಲಿ ಬೊಬ್ಬರ್ಯನೆಂಬ ದೈವವುಂಟು. ಅವನ ಪಾಡ್ದನವು ಹಡಗು ಕಟ್ಟಿಸಿದುದನ್ನೂ ಕಡಲಿನಲ್ಲಿ ಕಾದಿ ಮಡಿದುದನ್ನೂ ಹೇಳುವುದು. ಮೊಗವೀರರು ಅವನನ್ನು ವಿಶೇಷವಾಗಿ ನಂಬುವರು. ಪುತ್ತೂರ ಸೀಮೆಯ ಮುಖ್ಯ ದೈವಗಳ ಕಥೆಗಳು ಕಾಡು, ಗುಡ್ಡ, ಬೀಡು, ಗದ್ದೆಗಳ ಸುತ್ತ ಹೆಣೆದುಕೊಂಡಿರುವುವು. ಇಲ್ಲಿಯ ಜನರು ಕಡಲನ್ನು ಪೂಜಿಸಿದವರಲ್ಲ, ಲೆಕ್ಕದಲ್ಲಿ ಹಿಡಿದವರು. ‘ಕಡಲಿನ ಸಂಸ್ಕೃತಿ’ ಎಂದೊಡನೆ ದೋಣಿ ಬಲೆಗಳನ್ನೇ ಹುಡುಕುವವರಿಗೆ ಪುತ್ತೂರಿನಲ್ಲಿ ಏನೂ ಸಿಕ್ಕದಿರುವುದಕ್ಕೆ ಇದೇ ಕಾರಣ.

ರಾಜಕೀಯ ಚರಿತ್ರೆಯೂ ಈ ಋತುವಿನ ಹೊರಗೆ ನಡೆದುದಲ್ಲ. ಕೊಡಗಿನ ಅರಸರ ಕೈಯಲ್ಲಿದ್ದ ಅಮರ ಸುಳ್ಯ ಮತ್ತು ಪುತ್ತೂರು ಮಾಗಣೆಗಳನ್ನು, ೧೮೩೪ರಲ್ಲಿ ಕೊಡಗು ಕುಂಪಣಿಗೆ ಸೇರಿದಮೇಲೆ, ಕನ್ನಡ ಜಿಲ್ಲೆಗೆ ಕೂಡಿಸಿದರು. ಮೊದಲು ಧಾನ್ಯರೂಪವಾಗಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕೆಂದಾಯಿತು. ೧೮೩೭ರ ದಂಗೆಗೆ ಇದು ಮುಖ್ಯವಾದ ಕಾರಣವೆಂಬುದನ್ನು ಚರಿತ್ರಕಾರರು ಒಪ್ಪಿರುವರು. ಆದರೆ ನಗದು ಎಲ್ಲಿಂದ ಬರಬೇಕು? ಬೆಳೆಯನ್ನು ಕಡಲು ಮುಚ್ಚುವುದರೊಳಗೆ ಮಾರಿದರೆ ಮಾತ್ರ. ಬೆಲೆ ಎಷ್ಟೇ ಇಳಿದಿರಲಿ, ಮೇಷಮಾಸದಲ್ಲಿ ಮಾರಲೇಬೇಕಾದವನು ಕೊಳ್ಳುವವನ ಕೈಗೆ ಸಿಕ್ಕಿದವನು. ಧಾನ್ಯದ ಕಂದಾಯದಲ್ಲಿ ಒಕ್ಕಲಿಗೆ ಋತುವಿನ ಭಯವಿರಲಿಲ್ಲ. ನಗದಿನ ಕಂದಾಯವು ಅವನನ್ನು ಬಂದರಿನ ಗಡುವಿಗೆ ಕಟ್ಟಿಹಾಕಿತು. ದಂಗೆಯವರು ಮಾರ್ಚ್ ಕೊನೆಯಲ್ಲಿ ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಪುತ್ತೂರು ಬಂಟವಾಳಗಳ ದಾರಿಯಾಗಿ ಏಪ್ರಿಲ್ ೫ರಂದು ಮಂಗಳೂರನ್ನು ಹೊಕ್ಕರು. ಅವರು ನಡೆದ ದಾರಿಯೂ ಆರಿಸಿಕೊಂಡ ತಿಂಗಳೂ ವರ್ಷವರ್ಷವೂ ಹೇರೆತ್ತುಗಳು ಕಂಡ ದಾರಿ, ಕಂಡ ತಿಂಗಳು. ದಂಗೆಯ ಪರಿಣಾಮವನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಆಮೇಲಣ ಬದಲಾವಣೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದಮೇಲೆ ಹೊಳೆಯ ದೋಣಿಗಳಿಗೆ ಆವೆಮಣ್ಣಿನ ಹೊಸ ಕೆಲಸ ದೊರೆಯಿತು. ೧೯೦೭ರಲ್ಲಿ ಮಂಗಳೂರಿಗೆ ರೈಲು ಬಂದಿತು. ಮೋಟಾರು ಲಾರಿಗಳು ಬಂದವು. ಹೊಳೆಯ ಸಾಗಣೆ ಕ್ಷೀಣಿಸಿತು. ೧೯೭೪ರಲ್ಲಿ ಪಣಂಬೂರಿನ ಬಂದರು ಪ್ರಧಾನ ಬಂದರಾಗಿ, ದೊಡ್ಡ ಹಡಗುಗಳಿಗೆ ಮಳೆಗಾಲವೆಂಬ ತಡೆ ಉಳಿಯಲಿಲ್ಲ. ೧೯೭೯ರಲ್ಲಿ ಪುತ್ತೂರಿನ ಮೇಲಾಗಿ ಹಾಸನಕ್ಕೆ ರೈಲುದಾರಿ ತೆರೆಯಿತು. ಅಡಕೆಯ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೊ ೧೯೭೩ರಲ್ಲಿ ಸ್ಥಾಪಿತವಾದಮೇಲೆ ಬೆಳೆಗಾರನು ಮೇಷಮಾಸದಲ್ಲಿಯೇ ಮಾರಬೇಕೆಂಬ ನಿರ್ಬಂಧವೂ ಸಡಿಲಿತು. ಕಡಲಿನ ಗಡುವಿಗೆ ಆಧಾರವಾಗಿದ್ದ ವ್ಯವಹಾರವೆಲ್ಲ ಹೀಗೆ ಒಂದೊಂದಾಗಿ ಕಳಚಿಬಿದ್ದರೂ, ಪುತ್ತೂರ ದೇವರು ಇಂದಿಗೂ ಬೇಶದ ಹತ್ತಕ್ಕೇ ಒಳಗಾಗುವನು, ಮೇಳದ ಭಾಗವತರು ಅಂದೇ ಮಂಗಳ ಹಾಡುವರು.

ಕಡಲಿನ ಕಡೆಯಲ್ಲಿ ಹಳೆಯ ಲೆಕ್ಕವು ಪೂರ್ತಿಯಾಗಿ ಅಳಿದುಹೋಗಿಲ್ಲ. ಯಂತ್ರದ ದೋಣಿಗಳ ಮೀನುಗಾರಿಕೆಗೆ ಜೂನ್ ೧ರಿಂದ ಜುಲೈ ೩೧ರ ವರೆಗೆ ಸರಕಾರದ ನಿಷೇಧವುಂಟು. ಮಂಗಳೂರಿನ ಹಳೆಯ ಬಂದರಿನ ಧಕ್ಕೆಯಿಂದ ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟುಗಳನ್ನು ಹೇರಿಕೊಂಡು ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು ಮೇ ೧೫ರ ಬಳಿಕ ಹೊರಡುವಂತಿಲ್ಲ. ಸೆಪ್ಟೆಂಬರ್ ೧೫ರ ವರೆಗೆ ಅವುಗಳನ್ನು ಧಕ್ಕೆಯಲ್ಲಿ ಕಟ್ಟಿಹಾಕುವರು. ಆ ಮೇ ೧೫ ಬೇಶದ ಸಂಕ್ರಮಣದ ದಿನ. ಅಲ್ಲಿಂದ ಪತ್ತನಾಜೆಗೆ ಒಂಬತ್ತೋ ಹತ್ತೋ ದಿನ.